ಮಂಡ್ಯದಲ್ಲಿ ಹೀಟರ್ ಯಾಕೆ

ಮೆಕ್ಯಾನಿಕ್ ನಕ್ಕರು ಎಂಬುದಷ್ಟೇ ನನಗೆ ಖಚಿತವಾಗಿ ನೆನಪಿದೆ. ಉಳಿದದ್ದನ್ನೆಲ್ಲ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ನಡೆದದ್ದು ಯಾವುದು, ಹೇಳಿ ಹೇಳಿ ನಯವಾದದ್ದು ಯಾವುದು ಎಂದು ಈಗ ಬೇರ್ಪಡಿಸಲು ಬರುವುದಿಲ್ಲ.

"ಮಂಡ್ಯದಲ್ಲಿ ಈಟರ್ ಯಾಕಕ್ಕ?" ಅಂದರು. "ಊಟಿಗೇನಾರ ಟ್ರಾನ್ಸ್‌ಫರ್ ಆಗದಾ?"

ಏಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ಕೆರಗೋಡಿನ ರಸ್ತೆಯಲ್ಲಿ ಮಂಡ್ಯ ಮುಗಿಯುವ ಕಡೆ ಅವರ ಗ್ಯಾರೇಜು. ತಗಡಿನ ಶೆಡ್ಡು ಆಗಲೇ ಕಾದಿತ್ತು. ನನ್ನ ಹಳೆಯ ಬಿಳಿ ಕಾರಿನ ಬಾನೆಟ್ ಎತ್ತಿ, ಇಂಜಿನ್ನಿನಿಂದ ಒಳಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ತೋರಿಸಿ ಅವರು ವಿವರಿಸಿದರು. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ. ಇಂಜಿನ್ನಿನ ಬಿಸಿ ನೀರು ಒಂದು ಪೈಪಿನಲ್ಲಿ ಅದರೊಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬರುತ್ತದೆ. ಅದರ ಮೇಲೆ ಗಾಳಿ ಹಾಯಿಸಿದರೆ ಕಾರಿನೊಳಗೆ ಬಿಸಿಗಾಳಿ. ಅದಕ್ಕೆ ಹೀಟರ್ ಕೋರ್ ಅನ್ನುತ್ತಾರೆ. ನಮ್ಮದು ತೂತಾಗಿತ್ತು.

"ಬುಡ್ರಕ್ಕ. ಎಲ್ಡು ಪೈಪ್‌ನೂ ಇಲ್ಲೇ ಒಂದಕ್ಕೊಂದು ಸೇರ್ಸಿ ಕ್ಲಾಂಪ್ ಒಡ್ದ್‌ಬುಟ್ರೆ ಅರ್ಧ ಗಂಟೆ ಕೆಲ್ಸ. ನೀರು ಒಳಿಕ್ಕೇ ಓಗಾಕಿಲ್ಲ. ನಮ್ ಕಡೆ ಎಲ್ಲಾರೂ ಅಂಗೇ ಮಾಡ್ಸದು. ಒಸಾ ಕೋರ್ ಆಕ್ಬೇಕು ಅಂದ್ರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಬೇಕು. ಎಲ್ಡು ದಿನ."

"ಹೊಸದೇ ಹಾಕಿ," ಅಂದೆ. "ಮೊದಲು ಹೇಗಿತ್ತೋ ಹಾಗೇ ಇರಬೇಕು. ಬುಧವಾರ ಸಂಜೆಗೆ ಬೇಕು."

ಅಷ್ಟು ಅವಸರ ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಗುರುವಾರ ಬೆಳಿಗ್ಗೆ ಮಳವಳ್ಳಿಯಿಂದ ನನ್ನ ಅಣ್ಣ ಬರುವವನಿದ್ದ. ಆ ಕಾರು ನನಗೆ ಬರುವ ಮೊದಲು ಬಹಳ ವರ್ಷ ಅವನದಾಗಿತ್ತು. ಈಗಲೂ ನಮ್ಮ ಮನೆಗೆ ಬಂದರೆ ಕಾಫಿಗೂ ಮೊದಲು ಬಾನೆಟ್ ಎತ್ತುತ್ತಾನೆ. ಅದರ ಒಂದೊಂದು ನಟ್ಟೂ ಅವನಿಗೆ ಗೊತ್ತು. ಒಳಗೆ ಹೋಗಬೇಕಾದ ಎರಡು ಪೈಪು ಹೊರಗೇ ಸೇರಿಕೊಂಡಿದ್ದು ಕಂಡರೆ, ಇದು ಯಾವಾಗ ಸೋರಿತು ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಹೇಳಿದರೆ ಉಳಿದದ್ದನ್ನೂ ಹೇಳಬೇಕು.

ಉಳಿದದ್ದು ಅಂದರೆ ಅವ್ವನ ಬಲಗಾಲು.

ಅವ್ವ ಆಗ ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿದ್ದಳು. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು, ಎರಡೂ ಪಾದಗಳಲ್ಲಿ ಸ್ಪರ್ಶ ಹೋಗಿತ್ತು. ಬಲಪಾದ ಸುಟ್ಟು, ಬೊಬ್ಬೆ ಒಡೆದು, ಬೆರಳುಗಳ ಕಡೆಯಿಂದ ಕಪ್ಪಾಗುತ್ತ ಬಂದಿತ್ತು. ಬಚ್ಚಲಲ್ಲಿ ಬಿಸಿನೀರು ಚೆಲ್ಲಿಕೊಂಡಳು ಎಂದು ನಾನು ಡಾಕ್ಟರಿಗೂ ಅಣ್ಣನಿಗೂ ಹೇಳಿದ್ದೆ. ಗ್ಯಾರೇಜಿಗೆ ಹೋದ ಹಿಂದಿನ ದಿನ, ಸೋಮವಾರ, ಡಾಕ್ಟರು ನನ್ನನ್ನು ಹೊರಗೆ ಕರೆದರು.

"ಒಂದು ಚೊಂಬು ನೀರು ಬಿದ್ದಿದ್ದಕ್ಕೆ ಇಷ್ಟು ಆಳ ಸುಡಲ್ಲ. ಸುಟ್ಟಿದೆ ಅಂದರೆ ಕಾಲಿನಲ್ಲಿ ರಕ್ತದ ಓಡಾಟವೇ ಸತ್ತಿದೆ ಅಂತ. ಸ್ಕ್ಯಾನಿನಲ್ಲಿ ಅಷ್ಟು ಕೆಟ್ಟದಾಗಿ ಕಾಣ್ತಿಲ್ಲ, ಆದ್ರೆ ನಾನು ಕಾಲನ್ನ ನಂಬಬೇಕು, ಸ್ಕ್ಯಾನನ್ನಲ್ಲ. ಬೆರಳಷ್ಟೇ ತೆಗೆದರೆ ಗಾಯ ಕೂಡಲ್ಲ. ಮತ್ತೆ ಮೇಲೆ, ಮತ್ತೆ ಮೇಲೆ ಕತ್ತರಿಸ್ತಾ ಹೋಗಬೇಕಾಗುತ್ತೆ. ಮಂಡಿಯ ಕೆಳಗೆ ಒಂದೇ ಸಲ ತೆಗೆಯೋದು ಒಳ್ಳೇದು. ಗುರುವಾರ ಮಾಡೋಣ. ನಿಮ್ಮ ಅಣ್ಣ ಬಂದು ಸೈನ್ ಮಾಡಲಿ."

ನಾನು ತಲೆಯಾಡಿಸಿದೆ. ನಿಂತಲ್ಲೇ ನನಗೆ ಅರ್ಥವಾಗಿತ್ತು. ಚೆಲ್ಲಿದ್ದು ಒಂದು ಚೊಂಬು ನೀರಲ್ಲ. ಅವ್ವನ ಪಾದ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಸಿಯಲ್ಲಿ ನೆನೆದಿತ್ತು. ಅಷ್ಟು ಹೊತ್ತು ನೆನೆದರೆ ಚೆನ್ನಾಗಿ ರಕ್ತ ಓಡುವ ಕಾಲೂ ಆಳಕ್ಕೆ ಸುಡುತ್ತದೆ. ಡಾಕ್ಟರು ನನ್ನ ಸುಳ್ಳಿನ ಮೇಲೆ ಲೆಕ್ಕ ಹಾಕಿ ಮಂಡಿಯ ಕೆಳಗಿನವರೆಗೆ ಬಂದಿದ್ದರು. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳದೆ ಮಾರನೆಯ ದಿನ ಗ್ಯಾರೇಜಿಗೆ ಹೋದೆ.

ಇದನ್ನು ಬರೆಯುವಾಗ ಕಾರಣಗಳು ತಾವಾಗಿಯೇ ಸಾಲಾಗಿ ಬಂದು ನಿಲ್ಲುತ್ತವೆ. ಹೆದರಿದ್ದೆ, ನಿದ್ದೆ ಇರಲಿಲ್ಲ, ಡಾಕ್ಟರಿಗೆ ಬೇರೆ ಪರೀಕ್ಷೆಗಳಲ್ಲಿ ಗೊತ್ತಾಗುತ್ತದೆ ಅಂದುಕೊಂಡೆ. ಇವು ಯಾವುವೂ ಆ ದಿನ ನನ್ನ ತಲೆಯಲ್ಲಿ ಇರಲಿಲ್ಲ ಎಂಬ ಅನುಮಾನ ನನಗಿದೆ. ಆ ದಿನ ತಲೆಯಲ್ಲಿ ಇದ್ದದ್ದು ಎರಡು ರಬ್ಬರ್ ಪೈಪು ಮಾತ್ರ.

ಕಾಲು ಸುಟ್ಟದ್ದು ಅದಕ್ಕೆ ಎಂಟು ದಿನ ಹಿಂದೆ. ಆ ಭಾನುವಾರದ ವಿಷಯ ಹೇಳುತ್ತೇನೆ.

ತಿಂಗಳಿಗೆ ಎರಡು ಸಲ ಅವ್ವನನ್ನು ಮಳವಳ್ಳಿಗೆ, ಅಣ್ಣನ ಮನೆಗೆ ಕರೆದುಕೊಂಡು ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಅವ್ವ ಕಾರಿಗೆ ಹತ್ತುವ ಮೊದಲು ಚಪ್ಪಲಿ ಬಿಡುತ್ತಿದ್ದಳು. ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ ಮೆತ್ತನೆಯ, ದಪ್ಪ ಅಟ್ಟೆಯ ಚಪ್ಪಲಿ. ಮನೆಯೊಳಗೂ ಬಿಚ್ಚಬೇಡಿ ಎಂದು ಡಾಕ್ಟರು ಹೇಳಿ ಕೊಡಿಸಿದ್ದು. ಆದರೆ ಆಯುಧಪೂಜೆಗೆ ಕುಂಕುಮ ಇಟ್ಟು ನಿಂಬೆಹಣ್ಣಿನ ಮೇಲೆ ಹತ್ತಿಸಿದ ಗಾಡಿಯೊಳಗೆ ಚಪ್ಪಲಿ ಕಾಲು ಇಡುವುದು ಅವಳಿಗೆ ಆಗುತ್ತಿರಲಿಲ್ಲ. "ಲಕ್ಷ್ಮಿ ಕನವ್ವ" ಅನ್ನುತ್ತಿದ್ದಳು. ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಟಿನ ಕೆಳಗೆ ತಳ್ಳಿ, ಎಡಗಾಲನ್ನು ಸೀಟಿನ ಮೇಲೆ ಮಡಚಿ, ಬಲಗಾಲನ್ನು ಕೆಳಗಿಟ್ಟು ಕೂರುತ್ತಿದ್ದಳು. ಸರಿಯಾಗಿ ಹೀಟರಿನ ಪೆಟ್ಟಿಗೆಯ ಪಕ್ಕಕ್ಕೆ. ನಾನು ಒಂದೆರಡು ಸಲ ಗದರಿದ್ದೆ. ಆಮೇಲೆ ಬಿಟ್ಟೆ.

ಮೂರು ವಾರದಿಂದ ಕಾರಿನೊಳಗೆ ಒಂದು ಸಿಹಿ ವಾಸನೆ ಬರುತ್ತಿತ್ತು. ಮುಂದಿನ ಗಾಜಿಗೆ ಒಳಗಿನಿಂದ ತೆಳ್ಳಗೆ ಎಣ್ಣೆ ಬಳಿದಂತೆ ಮಂಜು ಕಟ್ಟುತ್ತಿತ್ತು. ಅವ್ವ ಸೆರಗಿನಿಂದ ಒರೆಸುತ್ತಿದ್ದಳು.

"ಬೆಲ್ಲ ಇಳಿಸ್ತಾವ್ರೆ ಕನವ್ವ ಎಲ್ಲೋ," ಅನ್ನುತ್ತಿದ್ದಳು. "ಪಾಕ ಒಸಿ ಜಾಸ್ತಿ ಬಂದದೆ."

ಮಂಡ್ಯದಿಂದ ಮದ್ದೂರು, ಮದ್ದೂರಿಂದ ಮಳವಳ್ಳಿ, ಎಲ್ಲಿ ನಿಂತರೂ ಯಾವುದೋ ಗದ್ದೆಯಾಚೆ ಒಂದು ಆಲೆಮನೆಯ ಹೊಗೆ ಕಾಣುತ್ತದೆ. ಕಬ್ಬಿನ ಹಾಲು ಕುದಿಯುವ ವಾಸನೆ ಈ ರಸ್ತೆಯಲ್ಲಿ ಯಾರ ಕಾರಿನೊಳಗೂ ಬರುತ್ತದೆ. ಬೇರೆ ಊರಿನವರಾಗಿದ್ದರೆ ಏನಿದು ಎಂದು ಕೇಳುತ್ತಿದ್ದರು. ನಾವು ಕೇಳಲಿಲ್ಲ, ಮೂಗಿಗೆ ಬಂದ ಕೂಡಲೇ ಅದಕ್ಕೆ ಒಂದು ಹೆಸರು ನಮ್ಮ ಹತ್ತಿರ ಸಿದ್ಧವಾಗಿತ್ತು. ಇಂಜಿನ್ನಿಗೆ ಹಾಕುವ ಕೂಲೆಂಟ್ ಸೋರಿದರೆ ಹಾಗೇ ಸಿಹಿಯಾಗಿ ನಾರುತ್ತದೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಆ ವಸ್ತು ಸಿಹಿ, ಮತ್ತು ವಿಷ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.

ಮಳವಳ್ಳಿ ಬಿಟ್ಟು ಸ್ವಲ್ಪ ದೂರಕ್ಕೇ ಇಂಜಿನ್ ಕಾಯುವುದನ್ನು ತೋರಿಸುವ ಮುಳ್ಳು ಮೇಲಕ್ಕೆ ಹತ್ತಿತು. ಮಧ್ಯಾಹ್ನ ಮೂರರ ಬಿಸಿಲು. ಕಾರು ಕೊಡುವಾಗ ಅಣ್ಣ ಒಂದು ಉಪಾಯ ಹೇಳಿಕೊಟ್ಟಿದ್ದ. "ಕಾಯ್ತಾ ಬಂದ್ರೆ ಈಟರ್ ಆಕು. ಬಿಸಿನೆಲ್ಲಾ ಒಳೀಕೆ ಎಳ್ಕತದೆ, ಇಂಜಿನ್ ತಣ್ಣಗಾಯ್ತದೆ. ಒಳ್ಗೆ ಕೂತೋರು ಒಸಿ ಬೆಂದೋಯ್ತಾರೆ, ಅಷ್ಟೇಯ." ಅದು ನಿಜವಾದ ಉಪಾಯ. ಎಷ್ಟೋ ಜನ ಹಾಗೆ ಮಾಡಿ ಮನೆ ಮುಟ್ಟಿದ್ದಾರೆ. ನಾನು ಎ.ಸಿ. ಆರಿಸಿ, ಗಾಜು ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆ. ಮುಳ್ಳು ಇಳಿಯಿತು. ನನಗೆ ಹೆಮ್ಮೆಯೇ ಆಯಿತು.

ಮದ್ದೂರಿಗೆ ಬರುವಷ್ಟರಲ್ಲಿ ಮತ್ತೆ ಏರಿತು. ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿ, ಕಾದು, ಎರಡು ಬಾಟಲಿ ನೀರು ಸುರಿದೆ. ನಾನು ಹತ್ತಿ ಕೂತಾಗ, ಕಾರಿನಲ್ಲೇ ಕೂತಿದ್ದ ಅವ್ವ ಹೇಳಿದಳು.

"ಸೀರೆ ಅಂಚು ಒದ್ದೆಯಾಗದೆ ಕನ್ ಮಗ. ಕಣಕಾಲಿಗೆ ಅಂಟ್ಕತಾ ಅದೆ."

"ಎ.ಸಿ. ನೀರು ಕಣವ್ವ," ಅಂದೆ.

ಎ.ಸಿ.ಯನ್ನು ಮಳವಳ್ಳಿಯ ಹತ್ತಿರವೇ ಆರಿಸಿದ್ದೆ. ಹಾಗಂದದ್ದು ಆ ಭಾನುವಾರವೋ, ಅದರ ಹಿಂದಿನ ಸಲವೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹಿಂದಿನ ಸಲ ಆಗಿದ್ದರೆ ನನ್ನ ತಪ್ಪು ಸ್ವಲ್ಪ ಕಡಿಮೆ. ಅದಕ್ಕಾಗಿಯೇ ಆ ನೆನಪನ್ನು ನಾನು ನಂಬುವುದಿಲ್ಲ. ಆ ಭಾನುವಾರವೇ ಎಂದು ಬರೆಯುತ್ತೇನೆ.

ಇಂಜಿನ್ನಿನಲ್ಲಿ ಮೊದಲಿದ್ದ ನೀರೂ ಆಮೇಲೆ ನಾನು ಸುರಿದ ನೀರೂ ಕುದಿಯುತ್ತ ಕೋರಿಗೆ ಹೋಗಿ, ತೂತಿನಿಂದ ಇಳಿದು, ಅವ್ವನ ಕಾಲಿನ ಕೆಳಗಿನ ಮ್ಯಾಟಿನಲ್ಲಿ ನಿಲ್ಲುತ್ತಿತ್ತು. ಅಂಚು ಎತ್ತರದ ರಬ್ಬರ್ ಮ್ಯಾಟು, ತಟ್ಟೆಯ ಹಾಗೆ. ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿಂದ ಮಂಡ್ಯಕ್ಕೆ ಅವ್ವ ಅದರಲ್ಲಿ ಕಾಲಿಟ್ಟುಕೊಂಡು, ಅಣ್ಣನ ಮಗಳು ಸಾರು ಚೆನ್ನಾಗಿ ಮಾಡಿದ್ದಳು ಎಂದು ಹೇಳುತ್ತ ಬಂದಳು. ಮನೆಯಲ್ಲಿ ಇಳಿದಾಗ ಅವಳ ಪಾದ ಬೇಯಿಸಿದ ಗೆಣಸಿನಂತೆ ಬೆಳ್ಳಗಾಗಿತ್ತು. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಗೊತ್ತಾಯಿತು.

ಅಣ್ಣ ಫೋನ್ ಮಾಡಿ, ಮುಟ್ಟಿದ್ರಾ ಎಂದು ಕೇಳಿದ. ಅವ್ವನ ಕಾಲು ಸುಟ್ಟಿದೆ ಅಂದೆ. ಹೇಗೆ ಅಂದ. ಬಚ್ಚಲಲ್ಲಿ ಬಿಸಿನೀರು ಅಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಮಂಚದ ಮೇಲಿದ್ದ ಅವ್ವ ನನ್ನನ್ನೇ ನೋಡುತ್ತಿದ್ದಳು. ಕೈ ಚಾಚಿ ಫೋನ್ ತೆಗೆದುಕೊಂಡು, "ಊಂ ಕನಪ್ಪ, ನಂದೇ ತಪ್ಪು, ಚೊಂಬು ಜಾರ್ತು," ಅಂದಳು. ಆ ಚೊಂಬನ್ನು ಸೇರಿಸಿದ್ದು ಅವಳು. ಅಲ್ಲಿಂದ ಮುಂದೆ ಸುಳ್ಳು ಇಬ್ಬರದೂ ಆಯಿತು.

ಮಂಗಳವಾರ ಇಡೀ ದಿನ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಆಸ್ಪತ್ರೆಗೆ ಹೋಗಲಿಲ್ಲ. ಮೆಕ್ಯಾನಿಕ್ ಸ್ಟೀರಿಂಗ್ ತೆಗೆದರು, ಮೀಟರುಗಳ ಪಟ್ಟಿ ತೆಗೆದರು, ಸ್ಕ್ರೂಗಳನ್ನು ಖಾಲಿ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಕ್ರಮವಾಗಿ ಇಟ್ಟರು. ಮಧ್ಯೆ ಯಾರೋ ಗಿರಾಕಿಯ ಫೋನ್ ಬಂತು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತಾಡಿದರು.

"ಇವತ್ತು ಆಗಾಕಿಲ್ಲ ಕಣ್ಲಾ. ಇಲ್ಲಿ ಮದ್ವೆ ಮನೆ ಚಪ್ರ ಬಿಚ್ದಂಗೆ ಬಿಚ್ಕಂಡು ಕೂತಿವ್ನಿ. ಊಂ. ಈಟರ್ ಕಣ್ಲಾ. ನಗ್ಬ್ಯಾಡ ಕಣ್ಲಾ, ಗಿರಾಕಿ ಇಲ್ಲೇ ಅವ್ರೆ."

ಊಟದ ಹೊತ್ತಿಗೆ ಡ್ಯಾಶ್‌ಬೋರ್ಡ್ ಇಡಿಯಾಗಿ ಕೈಗೆ ಬಂತು. ಅದನ್ನು ಎತ್ತಿ ನೆಲದ ಮೇಲಿಟ್ಟಾಗ ಕಾರಿನ ಮುಖದ ಚರ್ಮ ಸುಲಿದಂತಿತ್ತು. ಹೀಟರ್ ಪೆಟ್ಟಿಗೆ ತೆರೆದು ಕೋರನ್ನು ಹೊರಗೆಳೆದರು. ಒಂದು ಪಂಚಾಂಗದಷ್ಟು ಗಾತ್ರ. ಒಂದು ಮೂಲೆ ಹಸಿರು ಕಿಲುಬು ಹಿಡಿದು ಕೊಳೆತಿತ್ತು. ಕೊಳವೆಗಳ ಬಾಯಿಗೆ ಸುಣ್ಣದಂತೆ ಬಿಳಿ ಗಟ್ಟಿ.

"ಬೋರ್ ನೀರು," ಅಂದರು. "ವರ್ಸಗಟ್ಲೆ ಉಯ್ದವ್ರೆ. ನೀವು ಏನ್ ಪಾಠ ಮಾಡದು ಅಂದ್ರಿ?"

"ಕೆಮಿಸ್ಟ್ರಿ."

"ಇದು ಅದಾ ನಿಮ್ ಪಾಠದಲ್ಲಿ?"

"ಇದೆ."

"ಸೀ ವಾಸ್ನೆ ಬತ್ತಿರ್ಬೇಕಲ್ಲ, ಎಷ್ಟು ದಿನ್ದಿಂದ?"

"ಮೂರು ವಾರ. ಆಲೆಮನೆ ಅಂದುಕೊಂಡ್ವಿ."

ಅವರು ನಗುತ್ತಾರೆ ಅಂದುಕೊಂಡೆ. ಕೋರನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿದರು. "ನಾನೂ ಅಂಗೇ ಅನ್ಕತಿದ್ದೆ," ಅಂದರು.

ಆಮೇಲೆ ಎಡಗಡೆಯ ಮ್ಯಾಟು ಎತ್ತಲು ಬಗ್ಗಿದವರು ಹಾಗೇ ನಿಂತರು. ಮ್ಯಾಟಿನ ಮೇಲೆ ನೀರು ಆರಿ ಬಿಳಿಯ ಪೊರೆ ಕಟ್ಟಿತ್ತು. ನಡುವೆ ಒಂದು ಕಡೆ ಪೊರೆ ಇರಲಿಲ್ಲ. ಅಲ್ಲಿ ಕಪ್ಪು ರಬ್ಬರು ಪಾದದ ಆಕಾರದಲ್ಲಿ ಕಾಣುತ್ತಿತ್ತು.

"ಯಾರೋ ಕಾಲಿಕ್ಕಂಡ್ ಕೂತಿದ್ರು," ಅಂದರು. "ಒಂದೇ ಕಾಲು."

"ಬ್ಯಾಗ್ ಇಟ್ಟಿದ್ದೆ," ಅಂದೆ.

ಅವರು ಮ್ಯಾಟನ್ನು ನಲ್ಲಿಗೆ ಒಯ್ದು ತಾವೇ ತಿಕ್ಕಿ ತೊಳೆದರು.

ಈ ಪಾದದ ಗುರುತನ್ನು ನಾನು ನಿಜವಾಗಿ ನೋಡಿದೆನೇ? ಕೆಲವು ತಿಂಗಳ ನಂತರ ಅಂಥದೇ ಮ್ಯಾಟು ತಂದು, ಬೋರ್ ನೀರಿಗೆ ಕೂಲೆಂಟ್ ಬೆರೆಸಿ ಸುರಿದು, ಅದರಲ್ಲಿ ನನ್ನ ಪಾದ ಇಟ್ಟು, ಒಂದು ಗಂಟೆ ಕೂತು, ಆರಲು ಬಿಟ್ಟು ನೋಡಿದೆ. ಗುರುತು ಉಳಿಯಲಿಲ್ಲ. ಎರಡನೆಯ ಸಲವೂ ಉಳಿಯಲಿಲ್ಲ. ಆದರೂ "ಒಂದೇ ಕಾಲು" ಅಂದ ಧ್ವನಿ ಕಿವಿಯಲ್ಲಿದೆ. ಪ್ರಯೋಗವನ್ನು ನಂಬಬೇಕೋ ಕಿವಿಯನ್ನೋ ತಿಳಿಯದೆ ಎರಡನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಆ ಮಾಡೆಲ್ ಬರುವುದು ನಿಂತು ಬಹಳ ವರ್ಷವಾಗಿದ್ದರಿಂದ ಹೊಸ ಕೋರ್ ಮಂಡ್ಯದಲ್ಲಿ ಎಲ್ಲೂ ಸಿಗಲಿಲ್ಲ. ಬುಧವಾರ ಬೆಳಿಗ್ಗೆ ನಾನೇ ಬಸ್ಸು ಹತ್ತಿ ಮದ್ದೂರಿಗೆ ಹೋದೆ. ಅಲ್ಲಿ ಒಬ್ಬ ಗುಜರಿಯವನ ಹತ್ತಿರ ಅದೇ ಮಾಡೆಲ್ಲಿನ ಮುರಿದ ಕಾರು ಇದೆ ಎಂದು ಮೆಕ್ಯಾನಿಕ್ ಹೇಳಿದ್ದರು. ಬಸ್ಸಿನಲ್ಲಿ ಫೋನ್ ಬಂತು. ನರ್ಸಿಂಗ್ ಹೋಮಿನಿಂದ ಅವ್ವ, ಪಕ್ಕದ ಹಾಸಿಗೆಯವರ ಫೋನಿನಲ್ಲಿ.

"ಎಲ್ಲಿದ್ದೀಯ?"

"ಕಾಲೇಜಲ್ಲಿ ಇನ್ವಿಜಿಲೇಷನ್ ಇತ್ತವ್ವ."

"ಬಸ್ಸಿನ ಸದ್ದು ಕೇಳ್ತಾ ಅದೆ."

ನಾನು ಕಿಟಕಿಯ ಗಾಜು ಎಳೆದು ಮುಚ್ಚಿದೆ.

"ಆಗ್ಲಿ ಬುಡು," ಅಂದಳು. "ಕಾಲು ತಗೀತಾರಂತಲ್ಲ, ತಗದದ್ದನ್ನ ಏನ್ ಮಾಡ್ತಾರೆ ಅಂತ ಒಸಿ ಕೇಳ್ ಬಾ. ಈ ನರ್ಸಮ್ಮ ಯೋಳದಿಲ್ಲ. ನಮ್ ಒಲದಲ್ಲಿ ಮಣ್ಣು ಮಾಡಾಕೆ ಕೊಡ್ತಾರಾ?"

ಮದ್ದೂರು ಬಂದರೂ ನಾನು ಇಳಿಯಲಿಲ್ಲ. ಕಂಡಕ್ಟರ್ ಬಂದು, "ಏನಮ್ಮ, ಟಿಕೆಟ್ ಇಲ್ಲಿಗೇ ಅಲ್ವಾ ತಗಂಡಿರದು," ಎಂದು ಎಬ್ಬಿಸಿದ.

ಗುಜರಿಯಿಂದ ತಂದ ಕೋರನ್ನು ಮೆಕ್ಯಾನಿಕ್ ಪರೀಕ್ಷಿಸಿದರು. ಒಂದು ಕೊಳವೆಗೆ ಬಿರಡೆ ಹೊಡೆದು, ಇನ್ನೊಂದಕ್ಕೆ ಸೈಕಲ್ ಪಂಪು ಸಿಕ್ಕಿಸಿ, ಕೋರನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗಾಳಿ ಹೊಡೆದರು. ಇಬ್ಬರೂ ಬಕೆಟ್ಟಿನೊಳಗೆ ನೋಡುತ್ತ ಕೂತೆವು. ಒಂದು ಗುಳ್ಳೆ ಬಂದರೆ ಇದೂ ಹೋಯಿತು. ಬರಲಿಲ್ಲ. ಆಗ ನನಗೆ ಆದದ್ದು ಸಂತೋಷ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಸಂತೋಷವೇ ಆಯಿತು.

ಸಂಜೆ ಎಲ್ಲ ಜೋಡಿಸಿದ ಮೇಲೆ ಬಾನೆಟ್ಟಿನ ಕೆಳಗೆ ಹೊಸ ಕ್ಲಾಂಪು ಎರಡು ಹೊಳೆಯುತ್ತಿದ್ದವು. ಅವಕ್ಕೆ ಸ್ವಲ್ಪ ಗ್ರೀಸೂ ಧೂಳೂ ಬಳಿಯಿರಿ ಅಂದೆ.

ಮೆಕ್ಯಾನಿಕ್ ಕೈ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡರು. "ಅಕ್ಕ, ಗಾಡಿ ಕದ್ದಿಲ್ಲ ತಾನೆ?"

"ನಮ್ಮಣ್ಣನ ಗಾಡಿ."

"ಅಣ್ಣನ್ ಗಾಡಿ ರಿಪೇರಿ ಆಗದೆ ಅಂತ ಅಣ್ಣನಿಗೇ ಗೊತ್ತಾಗ್ಬಾರ್ದು." ಕೇಳಿದ್ದಲ್ಲ, ಹೇಳಿದ್ದು. ಬೆರಳಿಗೆ ಕೊಳೆ ಗ್ರೀಸು ತೆಗೆದುಕೊಂಡು ಎರಡೂ ಕ್ಲಾಂಪಿಗೆ ಬಳಿದರು. ನೆಲದ ಧೂಳು ಚಿಟಿಕೆಯಷ್ಟು ಉದುರಿಸಿ ಊದಿದರು. "ಆ ಬ್ಯಾಗು ಈಗ ಎಲ್ಲದೆ?" ಅಂದರು.

ಕಾರು ತೆಗೆದುಕೊಂಡು ಬಂದುಬಿಟ್ಟೆ.

ಗುರುವಾರ ಅಣ್ಣ ಮೊದಲ ಬಸ್ಸಿಗೇ ಬಂದ. ಬಂದವನೇ ಬಾನೆಟ್ ಎತ್ತಿದ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಆಯಿಲ್ ಕಡ್ಡಿ ಎಳೆದು ನೋಡಿದ, ಬ್ಯಾಟರಿ ಮುಟ್ಟಿದ, ಎರಡು ಪೈಪುಗಳ ಮೇಲೆ ಕೈಯಾಡಿಸಿದ. ಬಾನೆಟ್ ಮುಚ್ಚಿ ಒಳಗೆ ಬಂದು ಕೂತ.

"ಚೆಂದಾಗಿ ಇಟ್ಕಂಡಿದ್ದೀಯ ಕನಮ್ಮಿ," ಅಂದ. "ನಾನು ಇಷ್ಟು ನೀಟಾಗಿ ಇಟ್ಟಿರ್ನಿಲ್ಲ."

ಎರಡು ದಿನ ನಾನು ಕಾದದ್ದು ಈ ಮಾತಿಗೇ. ಕಾಫಿ ಲೋಟ ಅವನ ಮುಂದಿಟ್ಟು ಬಚ್ಚಲಿಗೆ ಹೋಗಿ ಚೊಂಬನ್ನು ಕವುಚಿ ಇಟ್ಟು ಬಂದೆ.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಅವ್ವನ ಕಾಲಿನ ಮೇಲೆ ಮಂಡಿಯಿಂದ ನಾಲ್ಕು ಬೆರಳು ಕೆಳಗೆ ನೀಲಿ ಪೆನ್ನಿನಿಂದ ಗೆರೆ ಎಳೆದಿದ್ದರು. ಹೊಲಿಗೆಯವನು ಬಟ್ಟೆಯ ಮೇಲೆ ಎಳೆಯುವಂಥ ಗೆರೆ. ಅವ್ವ ಅದನ್ನು ನೋಡಬಾರದೆಂದು ದುಪ್ಪಟಿ ಹೊದಿಸಿದ್ದರು, ಅವ್ವ ಸರಿಸಿ ನೋಡುತ್ತಿದ್ದಳು. ಅಣ್ಣನ ಕೈಗೆ ಕಾಗದ ಕೊಟ್ಟರು. ಅವನು ಏನನ್ನೂ ಓದದೆ ಸಹಿ ಹಾಕುವವನಲ್ಲ. ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದತೊಡಗಿದ. ಅವನ ಬೆರಳು ಇನ್ನೂ ಮೊದಲ ಪುಟದಲ್ಲಿತ್ತು.

"ಬಚ್ಚಲಲ್ಲಿ ಅಲ್ಲ," ಅಂದೆ.

ಯಾರಿಗೂ ಕೇಳಿಸಲಿಲ್ಲ. ಅಥವಾ ನಾನು ಜೋರಾಗಿ ಹೇಳಿರಲಿಲ್ಲ.

"ಡಾಕ್ಟ್ರೇ, ಬಚ್ಚಲಲ್ಲಿ ಅಲ್ಲ. ಕಾರಲ್ಲಿ. ಹೀಟರ್ ಸೋರಿತ್ತು. ಮಳವಳ್ಳಿಯಿಂದ ಮಂಡ್ಯದವರೆಗೂ ಅವ್ವನ ಕಾಲು ಆ ಬಿಸಿನೀರಲ್ಲಿ ಇತ್ತು. ಒಂದು ಗಂಟೆ ಮೇಲೆ. ನಾನು ಮಧ್ಯೆ ಮತ್ತೆ ನೀರು ಹಾಕ್ದೆ."

ಡಾಕ್ಟರು ನನ್ನನ್ನು ನೋಡಿದರು. ಅವ್ವ ಎದ್ದು ಕೂರಲು ನೋಡಿದಳು.

"ಇಲ್ಲ ಸಾ. ಚೊಂಬು ಜಾರಿದ್ದು. ಅವಳ್ಗೆ ನಿದ್ದೆ ಇಲ್ಲ, ತಲೆ ಕೆಟ್ಟದೆ. ಅವಳ ಮಾತು ಕೇಳ್ಬ್ಯಾಡಿ, ನೀವು ಮಾಡದ್ನ ಮಾಡಿ."

"ಎಷ್ಟು ಬಿಸಿ?" ಡಾಕ್ಟರು ನನ್ನನ್ನೇ ಕೇಳಿದರು.

"ಸೋರೋವಾಗ ಕುದಿಯೋಕೆ ಹತ್ತಿರ. ಮ್ಯಾಟಲ್ಲಿ ನಿಂತ ಮೇಲೆ ಕೈ ಇಡೋಕೆ ಆಗದಷ್ಟು. ಆಮೇಲೆ ಗೊತ್ತಿಲ್ಲ."

"ಇಷ್ಟು ದಿನದಿಂದ ಎಷ್ಟು ಸಲ ಕೇಳಿದೆ ನಿಮ್ಮನ್ನ?"

ಅಣ್ಣ ಕಾಗದದಿಂದ ಬೆರಳು ತೆಗೆದಿರಲಿಲ್ಲ. ತಲೆ ಎತ್ತದೆ ಕೇಳಿದ.

"ಈಟರ್ ಆಕಿದ್ದಾ?"

"ಹೂಂ."

"ಕಾಯ್ತು ಅಂತ?"

"ಹೂಂ."

"ನಾನ್ ಯೋಳ್ಕೊಟ್ಟಂಗೆ."

ಅವನು ಪೆನ್ನಿನ ಮುಚ್ಚಳ ಹಾಕಿ ಕಾಗದವನ್ನು ಹಾಸಿಗೆಯ ತುದಿಯಲ್ಲಿಟ್ಟ. "ಆ ಬೋರ್ ನೀರು ಉಯ್ದೋನೂ ನಾನೇಯ, ಅಷ್ಟು ವರ್ಸ," ಅಂದ. ಅದನ್ನು ಯಾರಿಗೆ ಹೇಳಿದನೋ. ಹೊರಗೆ ಹೋಗಿ ಜಗುಲಿಯ ಮೇಲೆ ಕೂತ.

ಆಪರೇಷನ್ ನಿಂತಿತು. ಡಾಕ್ಟರು ಇನ್ನೊಬ್ಬ ಡಾಕ್ಟರೊಂದಿಗೆ ಫೋನಿನಲ್ಲಿ ಮಾತಾಡಿ, ಸ್ಕ್ಯಾನ್ ಮತ್ತೆ ನೋಡಿ, ನಾಲ್ಕು ದಿನ ಕಾಯೋಣ ಅಂದರು. ಸತ್ತ ಚರ್ಮ ಅಷ್ಟಷ್ಟೇ ತೆಗೆಯುತ್ತ ನೋಡೋಣ. ಒಳಗೆ ಜೀವ ಇದ್ದರೆ ಕೆರೆದಾಗ ರಕ್ತ ಬರುತ್ತದೆ. ಆದರೆ ಜ್ವರ ಬಂದರೆ, ನಂಜು ಮೇಲಕ್ಕೆ ಏರಿದರೆ, ಒಂದು ನಿಮಿಷವೂ ಕಾಯುವುದಿಲ್ಲ, ಆಗ ಕಾಲಿನ ಮಾತಿರುವುದಿಲ್ಲ, ಜೀವದ ಮಾತು. ಅಂದರೆ ನಾನು ಹೇಳಿದ ನಿಜವೂ ಅವ್ವನನ್ನು ಕೊಲ್ಲಬಹುದಿತ್ತು. ಇದನ್ನು ನನಗೆ ಯಾರೂ ಬಿಡಿಸಿ ಹೇಳಲಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ.

ಆ ನಾಲ್ಕು ದಿನದ ಬಗ್ಗೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಥರ್ಮಾಮೀಟರ್ ಇದೆ. ಗಂಟೆಗೊಂದು ಸಲ ಅವ್ವನ ಕಂಕುಳಲ್ಲಿ ಇಡುತ್ತಿದ್ದೆ. ನೂರಕ್ಕೆ ಒಂದು ಗೆರೆ ಕಡಿಮೆ, ಎರಡು ಗೆರೆ ಕಡಿಮೆ. ಶನಿವಾರ ಮಧ್ಯಾಹ್ನ ನೂರಾಯಿತು. ಫ್ಯಾನು ನಿಂತಿತ್ತು, ಕರೆಂಟು ಹೋಗಿತ್ತು, ಅದಕ್ಕೇ ಇರಬೇಕು ಎಂದು ಅಣ್ಣ ರಟ್ಟಿನಿಂದ ಬೀಸಿದ. ಅರ್ಧ ಗಂಟೆ ಬೀಸಿದ ಮೇಲೆ ಇಳಿಯಿತು. ಇಬ್ಬರೂ ನರ್ಸಿಗೆ ಹೇಳಲಿಲ್ಲ. ಮತ್ತೊಂದು ಸುಳ್ಳು, ಈ ಸಲ ಅವನೊಡನೆ ಸೇರಿ. ಅವನು ಆ ನಾಲ್ಕು ದಿನ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉಸಿರಾಡಬಹುದಿತ್ತು. ಅವ್ವ ಮಾತ್ರ ನನ್ನೊಡನೆ ಮಾತು ಬಿಟ್ಟಿದ್ದಳು. "ಚೊಂಬು ಜಾರ್ತು ಅಂತ ನಾನು ಅಂದ ಮೇಲೆ ಜಾರ್ತು, ಅಷ್ಟೇ," ಎಂದು ಅಣ್ಣನಿಗೆ ಹೇಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ಡಾಕ್ಟರು ಡ್ರೆಸ್ಸಿಂಗ್ ಬಿಚ್ಚಿದರು. ನಮ್ಮನ್ನು ಹೊರಗೆ ಹೋಗಿ ಅಂದರು, ಹೋಗಲಿಲ್ಲ. ವಾಸನೆ ಇತ್ತು. ಕತ್ತರಿಯಿಂದ ಕಪ್ಪು ಚರ್ಮ ಎತ್ತಿ, ಬ್ಲೇಡಿನಿಂದ ಕೆಳಗಿನದನ್ನು ಕೆರೆದರು. ಕಣಕಾಲಿನ ಕಡೆಯಿಂದ ಶುರು ಮಾಡಿದರು. ಅವ್ವನಿಗೆ ನೋವಿಲ್ಲ, ಅವಳು ಚಾವಣಿಯ ಫ್ಯಾನು ನೋಡುತ್ತಿದ್ದಳು. ಕೆರೆದ ಜಾಗ ಮೊದಲು ಬೂದಿಯ ಬಣ್ಣಕ್ಕಿತ್ತು. ಡಾಕ್ಟರು ಇನ್ನೊಂದು ಸಲ ಕೆರೆದು, ಹತ್ತಿಯಿಂದ ಒತ್ತಿ, ಹತ್ತಿ ತೆಗೆದು, ಕಾದರು.

ಅಲ್ಲಿ ಕೆಂಪಗೆ ಒಂದು ಚುಕ್ಕೆ ಬಂತು. ಪಕ್ಕದಲ್ಲಿ ಇನ್ನೊಂದು.

ಅವರು ಏನೂ ಹೇಳದೆ ಒಂದು ಬೆರಳಗಲ ಮುಂದಕ್ಕೆ ಹೋದರು. ಕೆರೆದರು, ಒತ್ತಿದರು, ಕಾದರು. ಬಂತು. ಮತ್ತೆ ಮುಂದಕ್ಕೆ. ಪಾದದ ನಡುವಿನವರೆಗೆ ಬಂತು. ಬೆರಳುಗಳ ಬುಡಕ್ಕೆ ಹೋದಾಗ ಹೆಬ್ಬೆರಳಿನ ಕಡೆ ಬರಲಿಲ್ಲ. ಪಕ್ಕದ ಎರಡರಲ್ಲೂ ಬರಲಿಲ್ಲ, ಎಷ್ಟು ಹೊತ್ತು ಕಾದರೂ. ಕಿರುಬೆರಳಿನ ಕಡೆ ಸ್ವಲ್ಪ ಬಂತು.

"ಮೂರು ಬೆರಳಷ್ಟೇ ತೆಗೆಯೋಣ," ಅಂದರು ಡಾಕ್ಟರು. ನರ್ಸಿನ ಕಡೆ ತಿರುಗಿ, ಮೊಣಕಾಲಿನ ಕೆಳಗಿನ ನೀಲಿ ಗೆರೆಯನ್ನು ಸ್ಪಿರಿಟ್ ಹಾಕಿ ಒರೆಸಿ ಅಂದರು.

ಅಣ್ಣ ಗೋಡೆಗೆ ಒರಗಿದ್ದ. ಅವನ ಮುಖ ನೋಡಿದ ಅವ್ವ, ಫ್ಯಾನಿನಿಂದ ಕಣ್ಣು ತೆಗೆದು, ನಾಲ್ಕು ದಿನದಲ್ಲಿ ಮೊದಲ ಸಲ ನನ್ನನ್ನು ಕೇಳಿದಳು.

"ಏನಾಯ್ತೆ? ಏನ್ ಕಾಣಿಸ್ತು ನಿಮ್ಗೆ?"

"ರಕ್ತ ಬರ್ತಾ ಇದೆ ಕಣವ್ವ," ಅಂದೆ.

"ಎಲ್ಲಿಂದ?"

ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ಅವಳ ಪಾದದ ಹತ್ತಿರ ಕೈ ಒಯ್ದೆ. ಮುಟ್ಟಬೇಡಿ ಎಂದು ನರ್ಸು ಗದರಿದರು. ಹಾಗಾಗಿ ನನ್ನ ಕೈಯ ಮೇಲೇ ತೋರಿಸಿದೆ. ಮಣಿಕಟ್ಟಿನಿಂದ ಬೆರಳಿನ ಬುಡದವರೆಗೆ.